ಪುಕ್ಕಟೆ ಕೊಟ್ಟ ತಂತ್ರಾಂಶ, ಕಾಲು ಶತಮಾನ ಕಾಡಿದ ಕರಾರು

ಪಕ್ಕದ ಮನೆಯಲ್ಲಿ ಒಂದು ಲೋಟ ಸಕ್ಕರೆ ಕೇಳುವುದಕ್ಕೂ ಪರವೂರಿನಲ್ಲಿ ಓದುವ ಮಗನಿಗೆ ಮನಿಯಾರ್ಡರ್ ಮಾಡುವುದಕ್ಕೂ ವ್ಯತ್ಯಾಸವಿದೆ. ಸಕ್ಕರೆ ಇದ್ದರೆ ಸಿಗುತ್ತದೆ, ಇಲ್ಲದಿದ್ದರೆ ಇಲ್ಲವೆಂಬ ಉತ್ತರ ಅಲ್ಲೇ ಸಿಗುತ್ತದೆ. ಮನಿಯಾರ್ಡರಿನ ಕಾಲದಲ್ಲಿ ಸಹಿ ಬಿದ್ದ ರಶೀದಿ ಮರಳಿ ಬರುವ ತನಕ ನೆಮ್ಮದಿಯಿರಲಿಲ್ಲ. ಅದು ಬಾರದೇ ಹೋದರೆ ಹಣವೇ ತಲುಪಲಿಲ್ಲವೋ, ತಲುಪಿ ರಶೀದಿ ಮಾತ್ರ ಕಳೆದುಹೋಯಿತೋ ತಿಳಿಯುವ ಬಗೆಯಿಲ್ಲ. ಇನ್ನೊಮ್ಮೆ ಕಳಿಸಿದರೆ ಎರಡು ಸಲ ಕೊಟ್ಟಂತೆಯೂ ಆಗಬಹುದು.

ಜಾಲದಲ್ಲಿ ಸೇರಿದ ಕಂಪ್ಯೂಟರುಗಳ ನಡುವಿನ ವ್ಯವಹಾರ ಈ ಎರಡನೆಯ ಜಾತಿಯದು. ಅದನ್ನು ಮೊದಲನೆಯದರಷ್ಟೇ ಸಲೀಸಾಗಿ ಕಾಣುವಂತೆ ಮಾಡುವ ಉಪಾಯಕ್ಕೆ ‘ರಿಮೋಟ್ ಪ್ರೊಸೀಜರ್ ಕಾಲ್’, ಚುಟುಕಾಗಿ ಆರ್‌ಪಿಸಿ ಎಂದು ಹೆಸರು. ಪ್ರೋಗ್ರಾಂ ಬರೆಯುವವನು ತನ್ನದೇ ಯಂತ್ರದಲ್ಲಿರುವ ಕೆಲಸವನ್ನು ಕರೆದಂತೆ ಒಂದು ಸಾಲು ಬರೆಯುತ್ತಾನೆ. ನಡುವೆ ಕುಳಿತ ಗುಮಾಸ್ತನಂಥ ಒಂದು ತುಂಡು ತಂತ್ರಾಂಶ ಆ ಕೋರಿಕೆಯನ್ನು ಕಟ್ಟಿ ದೂರದ ಯಂತ್ರಕ್ಕೆ ರವಾನಿಸುತ್ತದೆ. ಅಲ್ಲಿರುವ ಇನ್ನೊಬ್ಬ ಗುಮಾಸ್ತ ಅದನ್ನು ಬಿಚ್ಚಿ, ಕೆಲಸ ಮಾಡಿಸಿ, ಉತ್ತರವನ್ನು ಕಟ್ಟಿ ಕಳಿಸುತ್ತಾನೆ. ಬರೆದವನಿಗೆ ಈ ಓಡಾಟ ಗೊತ್ತೇ ಆಗುವುದಿಲ್ಲ, ಎಲ್ಲವೂ ಸರಿಯಿರುವ ತನಕ.

ಈ ಹೆಸರಿಟ್ಟವರು ಬ್ರೂಸ್ ನೆಲ್ಸನ್. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯಕ್ಕೆ 1981ರಲ್ಲಿ ಅವರು ಸಲ್ಲಿಸಿದ ಪಿಎಚ್‌ಡಿ ಪ್ರಬಂಧದ ವಿಷಯವೇ ಅದು. ಕ್ಯಾಲಿಫೋರ್ನಿಯದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಆಂಡ್ರ್ಯೂ ಬಿರೆಲ್ ಜೊತೆಗೂಡಿ ಅದನ್ನು ಕಟ್ಟಿ ತೋರಿಸಿದ ವಿವರ 1984ರಲ್ಲಿ ಪ್ರಕಟವಾಯಿತು. ಆದರೆ ಪ್ರಯೋಗಶಾಲೆಯ ಈ ಸರಕನ್ನು ಬೀದಿಗೆ ತಂದದ್ದು ಜೆರಾಕ್ಸ್ ಅಲ್ಲ, 1982ರಲ್ಲಿ ಹುಟ್ಟಿದ ಸನ್ ಮೈಕ್ರೋಸಿಸ್ಟಮ್ಸ್ ಎಂಬ ಹೊಸ ಕಂಪನಿ.

ಸನ್‌ಗೆ ಬೇಕಿದ್ದದ್ದು ಆರ್‌ಪಿಸಿ ಅಲ್ಲ, ಎನ್‌ಎಫ್‌ಎಸ್. ಒಂದು ಯಂತ್ರದ ಕಡತಗಳನ್ನು ಜಾಲದ ಬೇರೆ ಯಂತ್ರಗಳಲ್ಲಿ ಕುಳಿತವರೂ ತಮ್ಮವೇ ಎಂಬಂತೆ ತೆರೆಯುವ ವ್ಯವಸ್ಥೆ ಅದು. ಅದಕ್ಕೆ ಅಡಿಪಾಯವಾಗಿ ‘ಸನ್ ಆರ್‌ಪಿಸಿ’ ಸಿದ್ಧವಾಯಿತು. 1985ರಲ್ಲಿ ಎನ್‌ಎಫ್‌ಎಸ್ ಮಾರುಕಟ್ಟೆಗೆ ಬಂದಾಗ ಸನ್ ಒಂದು ಜಾಣ ಲೆಕ್ಕ ಹಾಕಿತು. ತನ್ನ ಯಂತ್ರಗಳಷ್ಟೇ ತಮ್ಮತಮ್ಮಲ್ಲಿ ಮಾತಾಡಿಕೊಂಡರೆ ಲಾಭವಿಲ್ಲ, ಪ್ರತಿಸ್ಪರ್ಧಿಗಳೂ ಅದೇ ಭಾಷೆ ಕಲಿಯಬೇಕು. ಹಾಗಾಗಿ ಆರ್‌ಪಿಸಿಯ ಮೂಲ ಬರಹವನ್ನೇ ಪುಕ್ಕಟೆ ಹಂಚಿತು. 1986ರಿಂದ ‘ಕನೆಕ್ಟಥಾನ್’ ಎಂಬ ಕೂಟದಲ್ಲಿ ಪೈಪೋಟಿಯ ಕಂಪನಿಗಳ ಎಂಜಿನಿಯರುಗಳು ಯಂತ್ರಗಳನ್ನು ಹೊತ್ತು ತಂದು, ಒಂದಕ್ಕೊಂದು ಜೋಡಿಸಿ, ಮಾತು ಅರ್ಥವಾಗುತ್ತದೆಯೇ ಎಂದು ಪರೀಕ್ಷಿಸತೊಡಗಿದರು.

ಮಾತು ಅರ್ಥವಾಗುವುದು ಸುಲಭದ ಸಂಗತಿಯಾಗಿರಲಿಲ್ಲ. ನಮ್ಮ ಹಳೆಯ ಶಾಸನಗಳಲ್ಲಿ ಶಕವರ್ಷವನ್ನು ಪದಗಳ ಸಂಕೇತದಲ್ಲಿ ಹೇಳುವಾಗ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಿಕೊಳ್ಳಬೇಕೆಂಬ ಪದ್ಧತಿಯುಂಟು. ತಿಳಿಯದವನು ಎಡದಿಂದ ಓದಿದರೆ ಲೆಕ್ಕ ತಲೆಕೆಳಗು. ಕಂಪ್ಯೂಟರುಗಳದ್ದೂ ಅದೇ ಪಾಡು. ಸನ್ ಯಂತ್ರ ಸಂಖ್ಯೆಯ ದೊಡ್ಡ ಭಾಗವನ್ನು ಮೊದಲು ಇಡುತ್ತಿತ್ತು, ಆಗ ವಿಶ್ವವಿದ್ಯಾಲಯಗಳಲ್ಲೆಲ್ಲ ಇದ್ದ ವ್ಯಾಕ್ಸ್ ಯಂತ್ರ ಚಿಕ್ಕ ಭಾಗವನ್ನು. ಇದಕ್ಕೆ ಸನ್ ಕಂಡುಕೊಂಡ ಪರಿಹಾರವೇ ಎಕ್ಸ್‌ಡಿಆರ್. ಯಾವ ಯಂತ್ರವೇ ಇರಲಿ, ತಂತಿಗೆ ಹಾಕುವಾಗ ದೊಡ್ಡ ಭಾಗ ಮೊದಲು ಬರಬೇಕು ಎಂಬ ಕಟ್ಟಳೆ. ಅದು ಸನ್‌ನದೇ ಪದ್ಧತಿಯಾಗಿದ್ದದ್ದು ಕಾಕತಾಳೀಯವಲ್ಲವೇನೋ! ಎರಡು ವ್ಯಾಕ್ಸ್ ಯಂತ್ರಗಳು ತಮ್ಮತಮ್ಮಲ್ಲಿ ಮಾತಾಡಬೇಕಾದರೂ ಒಂದು ತಿರುಗಿಸಬೇಕು, ಇನ್ನೊಂದು ಮರಳಿ ತಿರುಗಿಸಬೇಕು. ಗೊಣಗುತ್ತಲೇ ಎಲ್ಲರೂ ಒಪ್ಪಿದರು. 1988ರಲ್ಲಿ ಸನ್ ಆರ್‌ಪಿಸಿಯ ವಿವರ ಇಂಟರ್‌ನೆಟ್ ದಾಖಲೆಗಳ ಸಾಲಿಗೆ ಸೇರಿತು.

ಮನಿಯಾರ್ಡರಿನ ಸಂಕಟ ಮಾತ್ರ ಉಳಿದೇ ಇತ್ತು. ಕಡತವೊಂದನ್ನು ಅಳಿಸೆಂದು ಕೋರಿಕೆ ಹೋಗುತ್ತದೆ, ಆ ಕಡೆ ಅಳಿಸಿಯೂ ಆಗುತ್ತದೆ, ಉತ್ತರ ದಾರಿಯಲ್ಲಿ ಕಳೆದುಹೋಗುತ್ತದೆ. ಕಾದು ಬೇಸತ್ತ ಯಂತ್ರ ಮತ್ತೆ ಕೇಳಿದರೆ ‘ಅಂಥ ಕಡತವೇ ಇಲ್ಲ’ ಎಂಬ ಜವಾಬು! ಹತ್ತಿರದ್ದನ್ನೂ ದೂರದ್ದನ್ನೂ ಒಂದೇ ಎಂದು ಬಗೆಯುವುದೇ ತಪ್ಪು ಎಂದು 1994ರಲ್ಲಿ ಜಿಮ್ ವಾಲ್ಡೊ ಮತ್ತು ಮೂವರು ಸಂಗಡಿಗರು ವಾದಿಸಿದರು. ಅವರು ದುಡಿಯುತ್ತಿದ್ದದ್ದು ಸನ್‌ನ ಪ್ರಯೋಗಾಲಯದಲ್ಲೇ.

ಆದರೆ ಸನ್ ಆರ್‌ಪಿಸಿಯನ್ನು ಹೆಚ್ಚು ಕಾಲ ಕಾಡಿದ್ದು ತಂತ್ರಜ್ಞಾನದ ತೊಡಕಲ್ಲ, ಅದರ ತಲೆಬರಹದಲ್ಲಿದ್ದ ಕೆಲವು ಸಾಲಿನ ಅನುಮತಿ. ಬಳಕೆಗೆ ನಿರ್ಬಂಧವಿಲ್ಲ, ಆದರೆ ಈ ಒಕ್ಕಣೆ ಎಲ್ಲ ಟೇಪುಗಳ ಮೇಲೂ ಇರಬೇಕು ಎಂದು ಮೊದಲ ವಾಕ್ಯ. ಹಣ ಕೊಡದೆ ನಕಲು ಮಾಡಬಹುದು, ತಿದ್ದಬಹುದು ಎಂದು ಮುಂದಿನದು. ಅದರ ಬಾಲದಲ್ಲೇ ಕೊಂಡಿಯಿತ್ತು: ಬಳಕೆದಾರ ತಾನೇ ಸಿದ್ಧಪಡಿಸಿದ ಪ್ರೋಗ್ರಾಮಿನ ಭಾಗವಾಗಿ ಅಲ್ಲದೆ ಇದನ್ನು ಬೇರೆಯವರಿಗೆ ಹಂಚುವಂತಿಲ್ಲ.

1985ರಲ್ಲಿ ಇದನ್ನು ಯಾರೂ ದೊಡ್ಡದು ಮಾಡಲಿಲ್ಲ. ಟೇಪಿನಲ್ಲಿ ಬಂದದ್ದನ್ನು ತಮ್ಮ ವ್ಯವಸ್ಥೆಗೆ ಸೇರಿಸಿ ಮಾರಿದರು. ಹಾಗೆಯೇ ಅದು ಜಿಎನ್‌ಯು ಸಿ ಲೈಬ್ರರಿಯೊಳಕ್ಕೂ ಬಂದು ಕುಳಿತಿತು. ಲಿನಕ್ಸ್ ಯಂತ್ರಗಳಲ್ಲಿ ಹೆಚ್ಚಿನ ಪ್ರೋಗ್ರಾಮುಗಳು ಆತುಕೊಳ್ಳುವ ಸಿದ್ಧ ಕೆಲಸಗಳ ಉಗ್ರಾಣ ಅದು. ಪಡೆದವರು ಯಾವ ಭಾಗವನ್ನಾದರೂ ಬಿಡಿಸಿಕೊಂಡು ಮತ್ತೊಬ್ಬರಿಗೆ ಕೊಡಬಹುದು ಎಂಬುದು ಆ ಉಗ್ರಾಣದ ಮೂಲ ಮಾತು. ಅದರೊಳಗೇ ‘ಬಿಡಿಯಾಗಿ ಕೊಡಬೇಡ’ ಎನ್ನುವ ಕಡತಗಳಿದ್ದರೆ ಹೇಗೆ? 2000ದ ನಂತರ, ಲೈಸೆನ್ಸ್ ವಿಷಯದಲ್ಲಿ ಮಡಿವಂತರೆಂದೇ ಹೆಸರಾದ ಡೆಬಿಯನ್ ಬಳಗದವರು ಇದನ್ನು ದೋಷವೆಂದೇ ದಾಖಲಿಸಿದರು. ಕೂದಲು ಸೀಳುವ ತರ್ಕ ಎಂದು ನಕ್ಕವರಿದ್ದರು. ಆದರೆ ಆ ಒಂದು ತುಂಡನ್ನು ಕಿತ್ತರೆ ಅದನ್ನು ನೆಚ್ಚಿದ ಹಳೆಯ ಪ್ರೋಗ್ರಾಮುಗಳೆಲ್ಲ ನಿಲ್ಲುತ್ತಿದ್ದವು, ಇಟ್ಟುಕೊಂಡರೆ ಬಳಗದ ನಿಯಮವೇ ಮುರಿಯುತ್ತಿತ್ತು.

2009ರಲ್ಲಿ ಸನ್ ಹಳೆಯ ಒಕ್ಕಣೆ ಬಿಟ್ಟು ಸರಳವಾದ ಬಿಎಸ್‌ಡಿ ಲೈಸೆನ್ಸ್ ಕೊಡಲು ಒಪ್ಪಿತು. ಅಷ್ಟರಲ್ಲಿ ಕಂಪನಿಯೇ ಮಾರಾಟಕ್ಕೆ ಬಂದು, 2010ರ ಜನವರಿಯಲ್ಲಿ ಒರಾಕಲ್ ಪಾಲಾಯಿತು. ಫೆಡೋರಾ ಯೋಜನೆಯ ಟಾಮ್ ಕ್ಯಾಲವೇ ಬೆನ್ನುಹತ್ತಿದ ಮೇಲೆ, 2010ರ ಆಗಸ್ಟ್ 18ರಂದು ಒರಾಕಲ್ ಪರವಾಗಿ ವಿಮ್ ಕೂಕರ್ಟ್ಸ್ ಉಳಿದ ಕಡತಗಳಿಗೂ ಒಪ್ಪಿಗೆ ಕೊಟ್ಟರು. ಜಿಎನ್‌ಯು ಸಿ ಲೈಬ್ರರಿಯ ಕಡತಗಳೂ ಅವುಗಳಲ್ಲಿದ್ದವು.

ಸೋಜಿಗದ ಸಂಗತಿಯೆಂದರೆ, ಕಗ್ಗಂಟು ಬಿಚ್ಚಿ ವರ್ಷ ತುಂಬುವ ಮೊದಲೇ, 2011ರ ಜೂನ್‌ನಲ್ಲಿ, ಅದೇ ಲೈಬ್ರರಿಯವರು ಸನ್ ಆರ್‌ಪಿಸಿಯನ್ನು ಹಳತೆಂದು ಬದಿಗೆ ಸರಿಸಿದರು. ಇಂಟರ್‌ನೆಟ್‌ನ ಹೊಸ ವಿಳಾಸ ಪದ್ಧತಿ, ಅಂದರೆ ಐಪಿ ಆರನೆಯ ಆವೃತ್ತಿ, ಅದಕ್ಕೆ ತಿಳಿಯುತ್ತಿರಲಿಲ್ಲ. ಅದು ತಿಳಿದಿದ್ದ ಟಿಐ-ಆರ್‌ಪಿಸಿ, ಸನ್ ಮೂಲದಿಂದಲೇ ಬಂದ ಅದರ ತಮ್ಮ, ಆ ಜಾಗಕ್ಕೆ ಬಂದಿತು. 2020ರಲ್ಲಿ ಹಳೆಯದನ್ನು ಪೂರ್ತಿ ತೆಗೆಯಲಾಯಿತು. ಹಳೆಯ ಪ್ರೋಗ್ರಾಮುಗಳು ಕೆಡದಿರಲಿ ಎಂದು ಒಂದಿಷ್ಟು ಕುರುಹು ಮಾತ್ರ ಉಳಿಯಿತು.

ಅನಂತರದವರು ಮೊದಲೇ ಎಚ್ಚರಗೊಂಡಿದ್ದಾರೆ. ಫೇಸ್‌ಬುಕ್ 2007ರಲ್ಲಿ ಹೊರಬಿಟ್ಟ ಥ್ರಿಫ್ಟ್ ಅಪಾಚೆ ಪ್ರತಿಷ್ಠಾನದ ಆಶ್ರಯ ಸೇರಿತು. ಗೂಗಲ್ ತನ್ನ ಒಳಬಳಕೆಯ ‘ಸ್ಟಬಿ’ಯ ಅನುಭವದಿಂದ ಕಟ್ಟಿ 2015ರಲ್ಲಿ ಪ್ರಕಟಿಸಿದ ಜಿಆರ್‌ಪಿಸಿ, 2017ರಲ್ಲಿ ಲಿನಕ್ಸ್ ಫೌಂಡೇಶನ್ನಿನ ಅಂಗಸಂಸ್ಥೆಯೊಂದಕ್ಕೆ ಹಸ್ತಾಂತರವಾಯಿತು. ಎರಡಕ್ಕೂ ಅಪಾಚೆ ಲೈಸೆನ್ಸ್ ಇದೆ. ಜಿಆರ್‌ಪಿಸಿಯಲ್ಲಿ ಪ್ರತಿ ಕೋರಿಕೆಗೂ ಗಡುವು ಕಟ್ಟಿ ಕಳಿಸಬಹುದು. ಇಷ್ಟು ಹೊತ್ತಿನೊಳಗೆ ಉತ್ತರ ಬಾರದಿದ್ದರೆ ಕೈಬಿಡು ಎಂದು. ದೂರವನ್ನು ಮುಚ್ಚಿಡುವ ಹಳೆಯ ಹಟ ಅಲ್ಲಿಗೆ ಸಡಿಲಿದೆ.

ಎನ್‌ಎಫ್‌ಎಸ್ ಮಾತ್ರ ಇನ್ನೂ ಹಳೆಯ ಭಾಷೆಯನ್ನೇ ಆಡುತ್ತಿದೆ. ಲಿನಕ್ಸ್‌ನ ಕರ್ನೆಲ್ ಒಳಗೆ ಅದಕ್ಕೆಂದೇ ಬೇರೆಯಾಗಿ ಬರೆದ ಆರ್‌ಪಿಸಿ ಇದ್ದು, ಆ ಕಡತಗಳ ಕಟ್ಟಿನ ಮೇಲೆ ಇಂದಿಗೂ ‘ಸನ್‌ಆರ್‌ಪಿಸಿ’ ಎಂದೇ ಹೆಸರಿದೆ.