ನೀವೆಲ್ಲಿದ್ದೀರಿ ಅಂತ ಮೊಬೈಲಿಗೆ ಹೇಗೆ ಗೊತ್ತು?

ವಿದ್ಯಾರ್ಥಿಗಳೇ, ಮೊಬೈಲಿನಲ್ಲಿ ನಕ್ಷೆ ತೆರೆದರೆ ಒಂದು ನೀಲಿ ಚುಕ್ಕೆ ಕಾಣುತ್ತದೆ. ಅದು ನೀವಿರುವ ಜಾಗ. "ಮೇಲಿರೋ ಉಪಗ್ರಹ ನಮ್ಮನ್ನ ನೋಡ್ತಾ ಇದೆ" ಅಂತ ಅನೇಕರು ತಿಳಿದಿದ್ದಾರೆ. ಅದು ನಿಜವಲ್ಲ. ಉಪಗ್ರಹ ಸಾರುವುದು ಎರಡೇ ಮಾತು: "ನಾನು ಇಲ್ಲಿದ್ದೇನೆ, ಈಗ ಸಮಯ ಇಷ್ಟು." ಅದನ್ನು ಕೇಳಿಸಿಕೊಂಡು ಲೆಕ್ಕ ಮಾಡುವುದು ನಿಮ್ಮ ಮೊಬೈಲೇ.

ಲೆಕ್ಕ ಹೇಗೆ?

ಮಿಂಚು ಕಂಡ ಮೇಲೆ ಗುಡುಗು ಕೇಳಲು 3 ಸೆಕೆಂಡು ಹಿಡಿದರೆ ಸಿಡಿಲು ಸುಮಾರು 1 ಕಿ.ಮೀ. ದೂರದಲ್ಲಿದೆ ಅಂತೀವಲ್ಲ, ಇದೂ ಹಾಗೇ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿವೆ. ರೇಡಿಯೋ ಅಲೆ ಸೆಕೆಂಡಿಗೆ 3 ಲಕ್ಷ ಕಿ.ಮೀ. ಓಡುತ್ತದೆ. ಸುಮಾರು 0.07 ಸೆಕೆಂಡಿನಲ್ಲಿ ಸಂಕೇತ ನಮಗೆ ತಲುಪುತ್ತದೆ. ವೇಗವನ್ನು ಸಮಯದಿಂದ ಗುಣಿಸಿದರೆ ದೂರ ಸಿಕ್ಕಿತು!

ಈಗ ಭೂಪಟ, ಕೈವಾರ ತಗೊಳ್ಳಿ. ನೀವು ಹಿಂದೂಪುರದಿಂದ 20 ಕಿ.ಮೀ. ದೂರ ಇದ್ದೀರಿ ಎನ್ನಿ. ಅಳತೆಗೆ ತಕ್ಕಂತೆ ವೃತ್ತ ಎಳೆಯಿರಿ. ಪೆನುಕೊಂಡದಿಂದಲೂ 20 ಕಿ.ಮೀ. ಅಂದರೆ ಇನ್ನೊಂದು ವೃತ್ತ. ಎರಡೂ ಎರಡು ಕಡೆ ಕೂಡುತ್ತವೆ. ಮಡಕಶಿರಾದಿಂದ ಎಷ್ಟು ದೂರ ಅಂತಲೂ ತಿಳಿದರೆ ಒಂದೇ ಬಿಂದು ಉಳಿಯುತ್ತದೆ. ಆಕಾಶದಲ್ಲಿ ವೃತ್ತದ ಬದಲು ಗೋಳ, ಅಷ್ಟೇ.

ಆದರೆ ಮೊಬೈಲಿನ ಗಡಿಯಾರ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೂ ದೂರ 300 ಮೀಟರ್ ತಪ್ಪುತ್ತದೆ. ಅದನ್ನು ಸರಿಪಡಿಸಲು ನಾಲ್ಕನೇ ಉಪಗ್ರಹ ಬೇಕು.

ನಮ್ಮದೇ ನಾವಿಕ್

ಭಾರತಕ್ಕೂ ಇಂಥ ವ್ಯವಸ್ಥೆ ಇದೆ, ಹೆಸರು ನಾವಿಕ್. ಇದರ ಮೊದಲ ಉಪಗ್ರಹ 2013ರ ಜುಲೈ 1ರಂದು ನಮ್ಮ ರಾಜ್ಯದ ಶ್ರೀಹರಿಕೋಟಾದಿಂದ ಹಾರಿತು. ಇದರ ಕೇಂದ್ರ ಬೆಂಗಳೂರು ಹತ್ತಿರದ ಬ್ಯಾಲಾಳಿನಲ್ಲಿದೆ.

ಟವರ್ ಹೇಳುವುದೆಷ್ಟು?

ಕಲ್ಯಾಣದುರ್ಗದ ಕಡಲೆಕಾಯಿ ಹೊಲದಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ, ಆಕಾಶ ಕಂಡರೆ ಸಾಕು. ಕಟ್ಟಡದೊಳಗೆ ಸಂಕೇತ ಕುಗ್ಗುತ್ತದೆ. ಆಗ ಮೊಬೈಲು ಹತ್ತಿರದ ಟವರ್, ವೈಫೈಗಳಿಂದ ಅಂದಾಜು ಮಾಡುತ್ತದೆ. ಟವರ್ ಒಂದರಿಂದಲೇ ಹೇಳಿದ ಜಾಗ ಕಿಲೋಮೀಟರುಗಟ್ಟಲೆ ತಪ್ಪಬಹುದು. ಹಿಂದೂಪುರದ ಗಡಿಯಲ್ಲಂತೂ ಆಂಧ್ರದಲ್ಲಿ ನಿಂತವರ ಮೊಬೈಲು ಕರ್ನಾಟಕದ ಟವರ್ ಹಿಡಿಯಬಹುದು! ಆದ್ದರಿಂದ ಅಪಾಯದಲ್ಲಿ 108 ಅಥವಾ 112ಕ್ಕೆ ಕರೆ ಮಾಡಿದಾಗ "ಅವರಿಗೇ ಗೊತ್ತಾಗುತ್ತೆ" ಅಂತ ಸುಮ್ಮನಿರಬೇಡಿ. ಊರು, ಮಂಡಲ, ಹತ್ತಿರದ ಗುಡಿ ಅಥವಾ ಶಾಲೆಯ ಹೆಸರು ಹೇಳಿ.

ಇನ್ನೊಂದು ಮಾತು. ಉಪಗ್ರಹ ನಿಮ್ಮ ಗುಟ್ಟು ಯಾರಿಗೂ ಹೇಳದು. ಆದರೆ ನೀವು ಅನುಮತಿ ಕೊಟ್ಟ ಆ್ಯಪ್ ಹೇಳಬಹುದು. ಇವತ್ತೇ ಮನೆಯವರ ಜೊತೆ ಕೂತು ಮೊಬೈಲಿನ ಸೆಟ್ಟಿಂಗ್ಸ್ ತೆರೆಯಿರಿ. ಯಾವ ಯಾವ ಆ್ಯಪ್‌ಗೆ ಲೊಕೇಶನ್ ಅನುಮತಿ ಇದೆ ನೋಡಿ. ಟಾರ್ಚ್ ಆ್ಯಪ್‌ಗೆ ನಿಮ್ಮ ಊರು ಯಾಕೆ ಬೇಕು? ಬೇಡದ್ದನ್ನು ತೆಗೆದುಹಾಕಿ.