ಅಜ್ಜನ ವಾಚು, ನನ್ನ ಫೋನಿನ ಮೈಕು

ಕಾಲೇಜಿಗೆ ಹೊರಡುವ ಹಿಂದಿನ ದಿನ ಅಜ್ಜ ತಮ್ಮ ಎಚ್‌ಎಂಟಿ ಜನತಾ ವಾಚನ್ನ ಬಿಚ್ಚಿ ನನ್ನ ಕೈಗೆ ಕಟ್ಟಿದ್ರು. ದಿನಾ ಬೆಳಿಗ್ಗೆ ಕೀ ಕೊಡಬೇಕಾದ ವಾಚು. ಊರಲ್ಲಿ ಅದು ರೇಡಿಯೋ ವಾರ್ತೆಯ ಜೊತೆ ಸರಿಯಾಗಿ ನಡೀತಿತ್ತು. ಹಾಸ್ಟೆಲ್ಲಿಗೆ ಬಂದ ಸ್ವಲ್ಪ ದಿನಕ್ಕೇ ದಿನಕ್ಕೆ ಸುಮಾರು 5 ನಿಮಿಷ ಮುಂದೆ ಓಡೋಕೆ ಶುರುವಾಯ್ತು. ಅಜ್ಜ ಫೋನ್ ಮಾಡಿದಾಗೆಲ್ಲ "ವಾಚು ಟೈಮ್ ಸರಿ ತೋರಿಸ್ತಿದ್ಯೇನಪ್ಪಾ?" ಅಂತ ಕೇಳೋರು. "ಸೂಪರಾಗಿದೆ ಅಜ್ಜ" ಅಂತ ಸುಳ್ಳು ಹೇಳ್ತಿದ್ದೆ.

ಹಿಂದಿನ ಮುಚ್ಚಳ ತೆಗೆದು, ಒಳಗಿರೋ ಸಣ್ಣ ಲಿವರ್ ಜರುಗಿಸಿದ್ರೆ ಸ್ಲೋ ಆಗುತ್ತೆ ಅಂತ ವಿಡಿಯೋ ನೋಡಿ ಸ್ಕ್ರೂಡ್ರೈವರ್ ಕೂಡ ತಂದಿದ್ದೆ. ರೂಮ್‌ಮೇಟ್ ತಡೆದ. "ಮೊದ್ಲು ಅಳೆಯೋ, ಆಮೇಲೆ ಕೈ ಹಾಕು" ಅಂದು ಫೋನಲ್ಲಿ ಟೈಮ್‌ಗ್ರಾಫರ್ ಅನ್ನೋ ಥರದ ಆ್ಯಪ್ ಒಂದನ್ನ ಹಾಕಿಕೊಟ್ಟ.

ಈ ಆ್ಯಪ್‌ಗಳು ಮಾಡೋದಿಷ್ಟೇ: ಮೈಕಿನಿಂದ ವಾಚಿನ ಟಿಕ್ ಟಿಕ್ ಕೇಳಿಸ್ಕೊಂಡು, ಎರಡು ಟಿಕ್‌ಗಳ ನಡುವಿನ ಸಮಯ ಲೆಕ್ಕ ಹಾಕೋದು. ಜನತಾ ವಾಚು ಗಂಟೆಗೆ 18,000 ಸಲ, ಅಂದ್ರೆ ಸೆಕೆಂಡಿಗೆ 5 ಸಲ ಟಿಕ್ ಅನ್ನಬೇಕು. ಪ್ರತಿ ಟಿಕ್ಕಿಗೆ 0.2 ಸೆಕೆಂಡ್. ವಾಚು ದಿನಕ್ಕೆ 1 ಸೆಕೆಂಡ್ ತಪ್ಪಿದ್ರೆ ಒಂದು ಟಿಕ್ಕಿನಲ್ಲಿ ಆಗೋ ವ್ಯತ್ಯಾಸ ಬರೀ 2.3 ಮೈಕ್ರೋಸೆಕೆಂಡ್. ಫೋನಿನ ಮೈಕು ಸೆಕೆಂಡಿಗೆ 48,000 ಸ್ಯಾಂಪಲ್ ತಗೊಂಡ್ರೂ ಎರಡು ಸ್ಯಾಂಪಲ್‌ಗಳ ನಡುವೆ ಸುಮಾರು 21 ಮೈಕ್ರೋಸೆಕೆಂಡ್ ಗ್ಯಾಪ್ ಇರುತ್ತೆ. ಹಾಗಾದ್ರೆ 2.3 ಹೇಗೆ ಸಿಗುತ್ತೆ? ಒಂದು ಟಿಕ್ಕಿನಲ್ಲಿ ಸಿಗಲ್ಲ. ಆದ್ರೆ ತಪ್ಪು ಸೇರ್ತಾ ಹೋಗುತ್ತಲ್ಲ, ಒಂದು ನಿಮಿಷದಲ್ಲಿ 300 ಟಿಕ್ ಆಗುವಷ್ಟರಲ್ಲಿ ಅದು ಸುಮಾರು 0.7 ಮಿಲಿಸೆಕೆಂಡ್, ಅಂದ್ರೆ 33 ಸ್ಯಾಂಪಲ್‌ಗಳಷ್ಟು ಆಗಿರುತ್ತೆ. ಅದಕ್ಕೇ ಆ್ಯಪನ್ನ 5 ಸೆಕೆಂಡ್ ನೋಡಿ ಮುಚ್ಚಬೇಡಿ. ಎರಡು ಮೂರು ನಿಮಿಷ ಬಿಡಿ.

ಫ್ಯಾನ್ ಆಫ್ ಮಾಡಬೇಕು, ವಾಚಿಗೆ ಪೂರ್ತಿ ಕೀ ಕೊಟ್ಟಿರಬೇಕು, ಕೀ ಇರೋ ಬದಿಯನ್ನ ಮೈಕಿಗೆ ತಾಗಿಸಿ ಇಡಬೇಕು. ವೈರ್ ಇರೋ ಹಳೇ ಇಯರ್‌ಫೋನಿನ ಮೈಕು ಇನ್ನೂ ಚೆನ್ನಾಗಿ ಕೇಳಿಸ್ಕೊಳ್ಳುತ್ತೆ. ನಮ್ಮ ಹಾಸ್ಟೆಲ್ಲಿನಲ್ಲಿ ರಾತ್ರಿ 2 ಗಂಟೆ ಬಿಟ್ಟು ಬೇರೆ ಹೊತ್ತಲ್ಲಿ ಇದು ಆಗೋ ಕೆಲಸ ಅಲ್ಲ.

ಆ್ಯಪ್ +290 ಸೆಕೆಂಡ್ ತೋರಿಸ್ತು. ಇಷ್ಟು ದೊಡ್ಡ ನಂಬರ್ ಒಮ್ಮೆಲೇ ಬಂದ್ರೆ ಲಿವರ್ ಜರುಗಿದ್ದಕ್ಕಿಂತ ಮ್ಯಾಗ್ನೆಟ್ ಮೇಲೆ ಅನುಮಾನ ಜಾಸ್ತಿ. ಒಳಗೆ ಕೂದಲೆಳೆಯಂಥ ಹೇರ್‌ಸ್ಪ್ರಿಂಗ್ ಇರುತ್ತೆ. ಅದಕ್ಕೆ ಮ್ಯಾಗ್ನೆಟ್ ಹಿಡಿದ್ರೆ ಸುರುಳಿಗಳು ಒಂದಕ್ಕೊಂದು ಅಂಟ್ಕೊಂಡು, ಸ್ಪ್ರಿಂಗಿನ ಉದ್ದ ಕಡಿಮೆ ಆದಂತಾಗಿ, ವಾಚು ಜೋರಾಗಿ ಓಡುತ್ತೆ. ಇದಕ್ಕೂ ಫೋನೇ ಸಾಕು. ಕಂಪಾಸ್ ಆ್ಯಪ್ ತೆಗೆದು ವಾಚನ್ನ ಫೋನಿನ ಸುತ್ತ ಆಡಿಸಿ. ಸ್ಟೀಲ್ ಇರೋದ್ರಿಂದ ಮುಳ್ಳು ಸ್ವಲ್ಪ ಅಲುಗಾಡೋದು ಮಾಮೂಲಿ. ನನ್ನದರಲ್ಲಿ ಅದು ಹುಚ್ಚು ಹಿಡಿದಂಗೆ ತಿರುಗ್ತು. ಆಗ ಹೊಳೀತು: ನಾನು ಪ್ರತಿ ರಾತ್ರಿ ವಾಚು ಬಿಚ್ಚಿ ಇಡ್ತಿದ್ದದ್ದು ಬ್ಲೂಟೂತ್ ಸ್ಪೀಕರ್ ಮೇಲೆ.

ಮಾರ್ಕೆಟ್ಟಿನ ವಾಚ್ ರಿಪೇರಿ ತಾತ ಆ್ಯಪ್ ಗೀಪ್ ಏನೂ ನೋಡಲಿಲ್ಲ. ಕಿವಿಗೆ ಹಿಡಿದು "ಮ್ಯಾಗ್ನೆಟ್ ಹಿಡಿದೈತೆ" ಅಂದ್ರು. ಒಂದು ನೀಲಿ ಡಬ್ಬದ ಮೇಲಿಟ್ಟು, ಬಟನ್ ಒತ್ತಿ, ವಾಚನ್ನ ನಿಧಾನಕ್ಕೆ ಮೇಲಕ್ಕೆತ್ತಿದ್ರು. ಡಬ್ಬದೊಳಗೆ ಎಸಿ ಕಾಯಿಲ್. ದೂರ ಹೋದಂತೆ ಫೀಲ್ಡ್ ಕುಗ್ಗಿ, ಹಿಸ್ಟೆರಿಸಿಸ್ ಲೂಪು ಚಿಕ್ಕದಾಗ್ತಾ ಸೊನ್ನೆಗೆ ಬರುತ್ತೆ. ಫಸ್ಟ್ ಇಯರ್ ಫಿಸಿಕ್ಸಿನಲ್ಲಿ ಬಾಯಿಪಾಠ ಮಾಡಿದ್ದ ಚಿತ್ರ ಕಣ್ಣೆದುರೇ ನಡೀತು. ನಾನು ಲಿವರ್ ಜರುಗಿಸಿದ್ದಿದ್ರೆ ಕಾಯಿಲೆ ಒಳಗೇ ಉಳಿದು, ಸೆಟ್ಟಿಂಗೂ ಕೆಡ್ತಿತ್ತು.

ಈಗ ಆ್ಯಪಿನಲ್ಲಿ +21. ಆದ್ರೆ ಈ ನಂಬರನ್ನ ಎಷ್ಟು ನಂಬೋದು? ನಮ್ಮ ಫೋನಿನ ಗಡಿಯಾರ ನೆಟ್‌ವರ್ಕ್ ನೋಡಿ ಸರಿಮಾಡ್ಕೊಳ್ಳುತ್ತೆ, ಹಾಗಾಗಿ ಅದು ಕರೆಕ್ಟು ಅಂತ ಅಂದ್ಕೊಂಡಿರ್ತೀವಿ. ಟಿಕ್ ಎಣಿಸುವಾಗ ಆ್ಯಪ್ ಸಾಮಾನ್ಯವಾಗಿ ಆ ಟೈಮನ್ನ ಬಳಸಲ್ಲ, ಮೈಕಿನ ಸ್ಯಾಂಪಲ್‌ಗಳನ್ನೇ ಎಣಿಸುತ್ತೆ. ಆ ಸ್ಯಾಂಪಲ್‌ಗಳಿಗೆ ತಾಳ ಹಾಕೋದು ಫೋನೊಳಗಿನ ಒಂದು ಕ್ರಿಸ್ಟಲ್. ಅದನ್ನ ಯಾವ ನೆಟ್‌ವರ್ಕೂ ತಿದ್ದಿರಲ್ಲ. ಕ್ರಿಸ್ಟಲ್ಲು ಹತ್ತು ಲಕ್ಷದಲ್ಲಿ 10 ಭಾಗ ತಪ್ಪಿದ್ರೂ ದಿನಕ್ಕೆ 0.86 ಸೆಕೆಂಡ್ ಸುಳ್ಳು ಹೇಳುತ್ತೆ. ರೂಮ್‌ಮೇಟಿನ ಫೋನಲ್ಲಿ ಅದೇ ವಾಚು +19 ತೋರಿಸ್ತು.

ಹಾಗಾಗಿ ಹಳೇ ವಿಧಾನವನ್ನೂ ಮಾಡಿದೆ. ಭಾರತೀಯ ಕಾಲಮಾನವನ್ನ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ ಸೀಸಿಯಂ ಗಡಿಯಾರಗಳಿಂದ ಕಾಪಾಡುತ್ತೆ. ಅವರ ವೆಬ್‌ಸೈಟಿನ ಟೈಮಿಗೆ ವಾಚನ್ನ ಹೊಂದಿಸಿ, 6 ದಿನ ಕೈಯಲ್ಲೇ ಕಟ್ಟಿಕೊಂಡು ಓಡಾಡಿ, ಮತ್ತೆ ನೋಡಿದೆ. 78 ಸೆಕೆಂಡ್ ಮುಂದಿತ್ತು, ಅಂದ್ರೆ ದಿನಕ್ಕೆ +13. ಎರಡು ಫೋನ್‌ಗಳ ನಡುವಿನ 2 ಸೆಕೆಂಡನ್ನ ಕ್ರಿಸ್ಟಲ್ ಲೆಕ್ಕಕ್ಕೆ ಹಾಕಬಹುದು. 21ರಿಂದ 13ಕ್ಕೆ ಇಳಿದ 8 ಸೆಕೆಂಡ್ ಕ್ರಿಸ್ಟಲ್ಲಿಗೆ ತುಂಬಾ ದೊಡ್ಡದು. ಅದು ಹೆಚ್ಚಾಗಿ ವಾಚು ಇರೋ ಭಂಗಿಯಿಂದ ಬಂದದ್ದು. ಆ್ಯಪಿನಲ್ಲಿ ಅಳೆದಾಗ ಡಯಲ್ ಆಕಾಶ ನೋಡ್ತಿತ್ತು, ಕೈಯಲ್ಲಿದ್ದಾಗ ಅಡ್ಡ ಉದ್ದ ಎಲ್ಲಾ ಕಡೆ ತಿರುಗುತ್ತೆ. ಕೀ ಕೆಳಗೆ ಬರೋ ಹಾಗೆ ನಿಲ್ಲಿಸಿ ಅಳೆದಾಗ −4 ಬಂತು.

ಅದಕ್ಕೇ ಈಗ ರಾತ್ರಿ ವಾಚನ್ನ ಮಲಗಿಸೋ ಬದಲು, ಕೀ ಕೆಳಗೆ ಮಾಡಿ ಎರಡು ಟೆಕ್ಸ್ಟ್‌ಬುಕ್ ನಡುವೆ ನಿಲ್ಲಿಸ್ತೀನಿ. ಹಗಲು ಗಳಿಸಿದ್ದರಲ್ಲಿ ಸ್ವಲ್ಪ ರಾತ್ರಿ ಕಳ್ಕೊಳ್ಳುತ್ತೆ. ಈ ವಾರ ದಿನಕ್ಕೆ 8 ಸೆಕೆಂಡ್ ಅಷ್ಟೇ ಮುಂದೆ. ಮೊನ್ನೆ ಅಜ್ಜ ಕೇಳಿದಾಗ "ಸರಿಯಾಗಿದೆ" ಅಂದೆ, ಈ ಸಲ ನಿಜವಾಗ್ಲೂ. ಸ್ಪೀಕರ್ ವಿಷಯ ಇನ್ನೂ ಹೇಳಿಲ್ಲ.