ಡಿ.ಎಡ್ ಓದಿದ ಸೊಸೆಯಂದಿರು ಶಾಲೆಗೆ ಮರಳುವ ದಾರಿ

ಮದುವೆ, ಬಾಣಂತನ, ಮಕ್ಕಳ ಆರೈಕೆಯೆಂದು ಪಾಠ ಬಿಟ್ಟ ಶಿಕ್ಷಕಿಗೆ ಬೀದರ್ ತಾಲ್ಲೂಕಿನ ಕಮಠಾಣದಂಥ ಊರಲ್ಲಿ ಹತ್ತಿರದ ಬಾಗಿಲೆಂದರೆ ಅತಿಥಿ ಶಿಕ್ಷಕಿಯ ಕೆಲಸ. ಸರ್ಕಾರಿ ಶಾಲೆಯಲ್ಲಿ ಕಾಯಂ ಹುದ್ದೆ ಖಾಲಿಯಿದ್ದರೆ ಆ ಶೈಕ್ಷಣಿಕ ವರ್ಷದ ಮಟ್ಟಿಗೆ ನೇಮಿಸಿಕೊಳ್ಳುತ್ತಾರೆ. ಸ್ವಂತ ಊರಿನ ಶಾಲೆಯಾದರೆ ನಡೆದೇ ಹೋಗಬಹುದು. ದೂರದ ಹಳ್ಳಿಯಾದರೂ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಸ್ ಚಾರ್ಜಿಲ್ಲ. ಆದರೆ ವರ್ಷ ಮುಗಿದರೆ ಕೆಲಸವೂ ಮುಗಿಯಿತು. ಬೇಸಿಗೆಗೆ ಗೌರವಧನವಿಲ್ಲ, ಜೂನ್‌ನಲ್ಲಿ ಮತ್ತೆ ಕರೆಯುತ್ತಾರೆಂಬ ಖಾತ್ರಿಯೂ ಇಲ್ಲ. 2025-26ರ ಬಜೆಟ್ ಗೌರವಧನವನ್ನು ತಿಂಗಳಿಗೆ 2,000 ರೂಪಾಯಿ ಏರಿಸಿತು. ಅದು ಒಳ್ಳೆಯದೇ, ಮರಳಿ ಬಂದವಳು ನೆಲೆ ನಿಲ್ಲಬೇಕಾದರೆ ಮಾತ್ರ ಮೊದಲು ಹೋಗಬೇಕಾದದ್ದು ಈ ಅನಿಶ್ಚಿತತೆ.

ಕಾಯಂ ನೇಮಕಾತಿಗೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಪಾಸಾಗಿರಬೇಕು. ಆ ಪ್ರಮಾಣಪತ್ರಕ್ಕೆ ಹಿಂದೆ ಏಳೇ ವರ್ಷ ಬೆಲೆಯಿತ್ತು. ಹೆಚ್ಚಿನ ಹೆಣ್ಣುಮಕ್ಕಳಿಗೆ ಅವು ಹೆರಿಗೆ, ಕೂಸುಗಳಲ್ಲಿ ಕಳೆಯುವ ವರ್ಷಗಳೇ. 2021ರಲ್ಲಿ ಅದನ್ನು ಜೀವನಪರ್ಯಂತ ಮಾನ್ಯ ಮಾಡಿ, 2011ರಿಂದ ಪಾಸಾದವರಿಗೂ ಅನ್ವಯಿಸಿದರು. ಮನೆಯಲ್ಲಿ ಕುಳಿತಿದ್ದವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಾಗಿಲ್ಲ.

ಇಂಗ್ಲೆಂಡಿನಲ್ಲಿ ಮದುವೆಯಾದ ಶಿಕ್ಷಕಿಯನ್ನು ಕೆಲಸದಿಂದ ಬಿಡಿಸುವ ಪದ್ಧತಿಯನ್ನು 1944ರ ಶಿಕ್ಷಣ ಕಾಯ್ದೆ ತೆಗೆದುಹಾಕಿತು. ಐರ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ಅಂಥ ನಿಷೇಧ 1958ರವರೆಗೂ ಇತ್ತು. ಇಲ್ಲಿ ಅಂಥ ಕಟ್ಟಳೆಯಿಲ್ಲ, ತೊಡಕೆಲ್ಲ ಕಾಗದಪತ್ರಗಳಲ್ಲಿದೆ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿ ನಡೆದಾಗ 5,000 ಹುದ್ದೆಗಳು ಬೀದರ್ ಸೇರಿದ ಕಲ್ಯಾಣ ಕರ್ನಾಟಕದ ಪಾಲಿಗಿದ್ದವು. ತಂದೆಯ ಹೆಸರಿನ ಜಾತಿ-ಆದಾಯ ಪ್ರಮಾಣಪತ್ರ ಕೊಟ್ಟಿದ್ದ ಅನೇಕ ವಿವಾಹಿತೆಯರನ್ನು ಮೀಸಲಾತಿಯಿಂದ ಹೊರಗಿಟ್ಟು ಸಾಮಾನ್ಯ ವರ್ಗಕ್ಕೆ ಸೇರಿಸಿದ್ದರಿಂದ ವ್ಯಾಜ್ಯ ಹೈಕೋರ್ಟಿಗೆ ಹೋಯಿತು. ಭಾಲ್ಕಿಯಲ್ಲಿ ಹುಟ್ಟಿ ಔರಾದಿಗೆ ಸೊಸೆಯಾಗಿ ಹೋದವಳು ಯಾವ ನಾಡಕಚೇರಿಯ, ಯಾರ ಹೆಸರಿನ ಕಾಗದ ತರಬೇಕೆಂಬುದನ್ನು ಅಧಿಸೂಚನೆಯಲ್ಲೇ ಬಿಡಿಸಿ ಹೇಳುವುದು ಕಷ್ಟದ ಕೆಲಸವಲ್ಲ.

ಈಗಾಗಲೇ ನೌಕರಿಯಲ್ಲಿರುವವರು ಬಿಟ್ಟುಹೋಗದಂತೆ 180 ದಿನಗಳ ಹೆರಿಗೆ ರಜೆಯಿದೆ. 2021ರಿಂದ ಅದರ ಜೊತೆಗೆ ಆರು ತಿಂಗಳ ಶಿಶುಪಾಲನಾ ರಜೆಯೂ ಸಿಗುತ್ತದೆ. ಅತಿಥಿ ಶಿಕ್ಷಕಿಗೆ ಈ ಆಸರೆಯಿಲ್ಲ.

ಔರಾದ್ ಕಡೆ ಮನೆಯಲ್ಲಿ ಮರಾಠಿಯನ್ನೋ ಲಂಬಾಣಿಯನ್ನೋ ಆಡಿ ಶಾಲೆಗೆ ಬರುವ ಮಕ್ಕಳಿದ್ದಾರೆ. ಅವರನ್ನು ಕನ್ನಡಕ್ಕೆ ದಾಟಿಸುವ ಕೆಲಸ ಅದೇ ಊರಲ್ಲಿ ಬಾಳುತ್ತಿರುವವಳಿಗೆ ಸಲೀಸು. ಆದರೆ ಡಿ.ಎಡ್‌ಗಿಂತ ಹಿಂದಿನ ಟಿ.ಸಿ.ಎಚ್ ಕಾಲದಲ್ಲಿ ಕಲಿತವಳಿಗೆ ನಲಿ-ಕಲಿ ಹೊಸದು: ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಕಾರ್ಡು ಹಿಡಿದು, ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ ಅದು. ಶಾಲೆ ಶುರುವಾಗುವ ಮುನ್ನ ಕೆಲವು ದಿನ ಅನುಭವಿ ನಲಿ-ಕಲಿ ಶಿಕ್ಷಕಿಯ ಜೊತೆ ಕೂತು ಕಲಿಯಲು ಅವಕಾಶವಾದರೆ ಆ ಅಳುಕು ಹೋಗುತ್ತದೆ.